ಲಿಸ್ಬನ್‌ನಲ್ಲಿ ಡೋರ್ನಹಳ್ಳಿ ಹಬ್ಬ

ಡೋರ್ನಹಳ್ಳಿಗೆ ಸುಮ್ನೆ ಯಾರೂ ಹೋಗುವುದಿಲ್ಲ. ಮಗು ಆಗಲಿ, ಮದುವೆ ಕೂಡಿ ಬರಲಿ, ಕೋರ್ಟ್ ಕೇಸು ಮುಗಿಯಲಿ, ಕಳೆದುಹೋದ ಒಡವೆ ಸಿಗಲಿ ಅಂತ ಏನಾದರೂ ಕೇಳಿಕೊಳ್ಳುವುದಕ್ಕೇ ಹೋಗುತ್ತಾರೆ. ಮೈಸೂರಿನಿಂದ ಇಲವಾಲ ದಾಟಿ ಕೆ.ಆರ್. ನಗರದ ದಾರಿ ಹಿಡಿದರೆ ಸಿಗುವ ಊರು ಅದು. ಜೂನ್ 13ರಂದು ಅಲ್ಲಿ ಸಂತ ಅಂತೋಣಿಯವರ ಹಬ್ಬ. ಎನ್.ಆರ್. ಮೊಹಲ್ಲಾದ ನಮ್ಮ ಮನೆಗೆ ಕ್ರಿಸ್ಮಸ್ ಎಷ್ಟು ದೊಡ್ಡದೋ ಇದೂ ಅಷ್ಟೇ ದೊಡ್ಡದು. ಆಗ ತಾನೇ ಸ್ಕೂಲು ಶುರುವಾಗಿರುತ್ತದೆ, ಜಿಟಿಜಿಟಿ ಮಳೆ ಹಿಡಿದಿರುತ್ತದೆ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜನ ಜಾತಿ ಧರ್ಮ ನೋಡದೆ ಬರುತ್ತಾರೆ.

ಅಲ್ಲಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ರೈತರೊಬ್ಬರು ಹೊಲ ಉಳುವಾಗ ಮರದ ವಿಗ್ರಹವೊಂದು ಸಿಕ್ಕಿತಂತೆ. ಏನೆಂದು ತಿಳಿಯದೆ ಮಕ್ಕಳ ಕೈಗೆ ಕೊಟ್ಟರಂತೆ, ಆಡಿಕೊಳ್ಳಲಿ ಅಂತ. ಆಮೇಲೆ ಕನಸು, ಗುಡಿ, ಪಾದ್ರಿಗಳು ಬಂದು ಇವರು ಅಂತೋಣಿ ಎಂದು ಗುರುತಿಸಿದ್ದು ಎಲ್ಲ ಬರುತ್ತದೆ. ನನಗೆ ಇಷ್ಟವಾಗುವುದು ಆ ಮಕ್ಕಳ ಆಟದ ಭಾಗವೇ. 2019ರಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಯ ಚರ್ಚಿಗೆ ಬೆಸಿಲಿಕಾ ಅನ್ನುವ ವಿಶೇಷ ಗೌರವದ ಪದವಿ ಕೊಟ್ಟರು.

ಈ ವರ್ಷ ಆ ಹಬ್ಬ ನನಗೆ ಸಿಕ್ಕಿದ್ದು ಅಂತೋಣಿಯವರು ಹುಟ್ಟಿದ ಊರಿನಲ್ಲೇ. ಎಂ.ಎಸ್ಸಿ. ಓದಲು ಲಿಸ್ಬನ್‌ಗೆ ಬಂದಿದ್ದೇನೆ. ಅವರನ್ನು 'ಪಾದುವಾದ ಅಂತೋಣಿ' ಅಂದರೆ ಇಲ್ಲಿಯವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. 1195ರಲ್ಲಿ ಹುಟ್ಟಿದ್ದು ಇಲ್ಲಿ ಅಲ್ವಾ! ಆಗ ಅವರ ಹೆಸರು ಫೆರ್ನಾಂದೊ. ಕೊಯಿಂಬ್ರಾದಲ್ಲಿ ಓದಿದರು, ಫ್ರಾನ್ಸಿಸ್ಕನ್ ಸಭೆ ಸೇರಿ ಮೊರೊಕ್ಕೊಗೆ ಹೊರಟರು. ಅಲ್ಲಿ ಕಾಯಿಲೆ ಬಿದ್ದರು. ವಾಪಸ್ ಬರುವಾಗ ಗಾಳಿಗೆ ಸಿಕ್ಕ ಹಡಗು ಸಿಸಿಲಿ ಸೇರಿತು. 1231ರಲ್ಲಿ ಇಟಲಿಯ ಪಾದುವಾದ ಹತ್ತಿರ ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ ಸಂತ ಪದವಿ. ಮನೆ ಬಿಟ್ಟು ಓದಲು ಬಂದವರಿಗೆ ಈ ಕಥೆಯಲ್ಲಿ ಧೈರ್ಯವೂ ಉಂಟು, ಸ್ವಲ್ಪ ಭಯವೂ ಉಂಟು.

ಜೂನ್ 12ರ ರಾತ್ರಿ ಇಡೀ ಲಿಸ್ಬನ್ ಬೀದಿಯಲ್ಲಿರುತ್ತದೆ. ಅಲ್ಫಾಮಾ ಅನ್ನುವ ಹಳೇ ಬಡಾವಣೆಯ ಸಂದಿಸಂದಿಯಲ್ಲೂ ಕೆಂಡ ಹಾಕಿ ಮೀನು ಸುಡುತ್ತಾರೆ. ಸಾರ್ಡೀನ್, ನಮ್ಮ ಬೂತಾಯಿಯ ದೊಡ್ಡಣ್ಣ ಅನ್ನಬಹುದು. ಬ್ರೆಡ್ಡಿನ ತುಂಡಿನ ಮೇಲೆ ಇಟ್ಟು ಕೊಡುತ್ತಾರೆ. ಖಾರವಿಲ್ಲ, ಹುಳಿಯಿಲ್ಲ, ಉಪ್ಪು ಮಾತ್ರ. ಆದರೂ ಚೆನ್ನಾಗಿತ್ತು. ದೊಡ್ಡ ರಸ್ತೆಯಲ್ಲಿ ಒಂದೊಂದು ಬಡಾವಣೆಯವರೂ ಬಣ್ಣದ ಬಟ್ಟೆ ಹಾಕಿ ಹಾಡುತ್ತಾ ಕುಣಿಯುತ್ತಾ ಪೈಪೋಟಿಗೆ ಬಿದ್ದು ಸಾಗುತ್ತಾರೆ. ಅಂಗಡಿಗಳ ಮುಂದೆ ಪುಟ್ಟ ಕುಂಡಗಳಲ್ಲಿ ಮಂಜೆರಿಕು ಗಿಡ, ಅದಕ್ಕೊಂದು ಕಾಗದದ ಹೂವು, ನಾಲ್ಕು ಸಾಲಿನ ಪದ್ಯ. ಮೂಗಿಟ್ಟು ಮೂಸಬಾರದಂತೆ, ಅಂಗೈಯಿಂದ ಸವರಿ ಕೈ ಮೂಸಬೇಕು. ಮೂಸಿದೆ. ಪಕ್ಕಾ ನಮ್ಮಜ್ಜಿ ಹಿತ್ತಲಿನ ಕಾಮಕಸ್ತೂರಿ ವಾಸನೆ.

ಅಂತೋಣಿಯವರು ಇಲ್ಲಿ ಮದುವೆ ಮಾಡಿಸುವ ಸಂತರೂ ಹೌದು. ಹಬ್ಬಕ್ಕೆ ನಗರದವರೇ ನಿಂತು ಸಾಮೂಹಿಕ ಮದುವೆ ಮಾಡಿಸುತ್ತಾರೆ. ಅದನ್ನು ಕೇಳಿ ನನ್ನ ರೂಮಿನ ಮದ್ದೂರಿನ ಹುಡುಗಿ, "ಅಕ್ಕಾ, ನೀವೂ ಒಂದು ಅರ್ಜಿ ಹಾಕ್ಬಿಡಿ" ಎಂದು ರಾತ್ರಿಯೆಲ್ಲ ಕಾಡಿದಳು. ಅವರ ಮನೆಯವರು ಗೌಡರು. ಅವಳ ಚಿಕ್ಕಪ್ಪ ಹುಟ್ಟಿದ್ದು ಡೋರ್ನಹಳ್ಳಿ ಹರಕೆಯಿಂದ ಅಂತ ಅವಳಜ್ಜಿ ಈಗಲೂ ಹೇಳುತ್ತಾರಂತೆ. ಹಾಗಾಗಿ ಹಬ್ಬ ಇಬ್ಬರದ್ದೂ.

ಮಾರನೇ ದಿನ ಬೆಳಿಗ್ಗೆ ಅಂತೋಣಿಯವರ ಚರ್ಚಿಗೆ ಹೋದೆವು. ಕೆಥೆಡ್ರಲ್ ಪಕ್ಕದಲ್ಲೇ ಇದೆ. ಹಳೆಯದು 1755ರ ಭೂಕಂಪದಲ್ಲಿ ಬಿದ್ದುಹೋಯಿತು, ಈಗಿರುವುದು ಆಮೇಲೆ ಕಟ್ಟಿದ್ದು. ಅವರು ಹುಟ್ಟಿದ ಜಾಗ ನೆಲಮಾಳಿಗೆಯಲ್ಲಿದೆ, ಅಲ್ಲಿಗೆ ಉದ್ದದ ಸಾಲು. ಏನು ಕೇಳಲಿ ಅಂತ ಯೋಚಿಸುತ್ತಾ ನಿಂತೆ. ಥೀಸಿಸ್ ಇದೆ, ಕೆಲಸ ಸಿಗಬೇಕು, ಸಾಲ ತೀರಬೇಕು. ಆದರೆ ಮನಸ್ಸು ಅತ್ತ ಹೋಗಲೇ ಇಲ್ಲ.

ಬ್ಯಾಂಕ್ ಸಾಲಕ್ಕೆ ಓಡಾಡುತ್ತಿದ್ದಾಗ ನನ್ನ ಮಾರ್ಕ್ಸ್ ಕಾರ್ಡ್‌ಗಳಿದ್ದ ಫೈಲನ್ನು ಅಮ್ಮ ಎಲ್ಲೋ ಬಿಟ್ಟುಬಿಟ್ಟಿದ್ದರು. ಮನೆಯಲ್ಲಿ ಊಟ ಇಲ್ಲ, ನಿದ್ದೆ ಇಲ್ಲ. ಅಮ್ಮ ಅಂತೋಣಿಯವರ ಪಟದ ಮುಂದೆ ಮೊಂಬತ್ತಿ ಹಚ್ಚಿ ಕೂತರು. ಒಬ್ಬ ಶಿಷ್ಯ ಕದ್ದೊಯ್ದ ಕೀರ್ತನೆಯ ಪುಸ್ತಕ ಅಂತೋಣಿಯವರ ಪ್ರಾರ್ಥನೆಯಿಂದ ವಾಪಸ್ ಬಂತು ಅನ್ನುವ ಕಥೆಯಿದೆ. ಅಲ್ಲಿಂದಲೇ ಕಳೆದುಹೋದದ್ದಕ್ಕೆಲ್ಲ ಅವರು. ಮಾರನೇ ದಿನ ದೇವರಾಜ ಮಾರ್ಕೆಟ್ಟಿನ ಹೂವಿನವರು ಫೋನ್ ಮಾಡಿದರು. ಅರ್ಜಿಯ ಮೇಲಿದ್ದ ನಂಬರ್ ನೋಡಿದ್ದರು. ಮಳೆಗೆ ನೆನೆಯದಿರಲಿ ಅಂತ ಫೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು. ದುಡ್ಡು ಕೊಡಲು ಹೋದರೆ, "ಮಗು ಓದ್ಲಿ ಬುಡಿ ತಾಯಿ" ಅಂದರಂತೆ. ಅಂತೋಣಿಯವರು ಕೊಡಿಸಿದರು ಅಂತ ಅಮ್ಮ, ಹೂವಿನವರು ಕೊಟ್ಟರು ಅಂತ ಅಪ್ಪ. ಆ ಜಗಳ ಇನ್ನೂ ಮುಗಿದಿಲ್ಲ. ನಾನಂತೂ ಇಬ್ಬರ ಹೆಸರನ್ನೂ ಹೇಳಿಕೊಂಡೆ.

ಹಾಗೆ ಶುರುವಾದದ್ದು ನಿಲ್ಲಲಿಲ್ಲ. ಮದುವೆ ಸೀಸನ್‌ನಲ್ಲಿ ರಾತ್ರಿ ಒಂದರವರೆಗೆ ಬ್ಲೌಸ್ ಹೊಲಿದು, ಬೆಳಿಗ್ಗೆ ಐದಕ್ಕೆ ನನ್ನನ್ನು ಓದಲು ಎಬ್ಬಿಸುತ್ತಿದ್ದ ಅಮ್ಮ. ಗಣಿತ ಬಾರದೆ ಅಳುತ್ತಿದ್ದವಳನ್ನು ಸಂಜೆ ಪಕ್ಕಕ್ಕೆ ಕೂರಿಸಿಕೊಂಡು ಒಂದು ರೂಪಾಯಿ ತೆಗೆದುಕೊಳ್ಳದೆ ಹೇಳಿಕೊಟ್ಟ ಕಾನ್ವೆಂಟಿನ ಸಿಸ್ಟರ್. ಎದುರು ಮನೆ ಆಂಟಿ: ಅಮ್ಮ ಆಸ್ಪತ್ರೆಯಲ್ಲಿದ್ದಾಗ ನನ್ನ ಡಬ್ಬಿಗೆ ದಿನಾ ಚಿತ್ರಾನ್ನ ಹಾಕಿ ಕಳಿಸಿದವರು, ಪ್ರತಿ ಕ್ರಿಸ್ಮಸ್‌ಗೂ ಬಂದು ನಮ್ಮ ಗೋದಲಿಯಲ್ಲಿ ಕುರಿ ಎಲ್ಲಿಡಬೇಕು ಅಂತ ಸಲಹೆ ಕೊಡುವವರು. ಇವರಲ್ಲಿ ಯಾರಿಗೂ ಎದುರು ನಿಂತು ಥ್ಯಾಂಕ್ಸ್ ಅಂದಿಲ್ಲ. ನಮ್ಮ ಕಡೆ ಹಾಗೆಲ್ಲ ಹೇಳಿದರೆ, "ಏನ್ ದೊಡ್ಡೋಳಾಗ್ಬಿಟ್ಯಾ?" ಅಂತ ಬೈಯ್ಯುತ್ತಾರೆ. ನನ್ನ ಸರದಿ ಬಂದಾಗ ಹಿಂದಿನವರು ಮೆಲ್ಲಗೆ ಕೆಮ್ಮುವವರೆಗೂ ಅಲ್ಲೇ ನಿಂತಿದ್ದೆ. ಥೀಸಿಸ್ ಮಾತೇ ಬರಲಿಲ್ಲ.

ಹೊರಗೆ ಪುಟ್ಟ ಬ್ರೆಡ್ ಕೊಟ್ಟರು. ಅದನ್ನು ಮನೆಯ ದವಸದ ಡಬ್ಬದಲ್ಲಿಟ್ಟರೆ ವರ್ಷವೆಲ್ಲ ಊಟಕ್ಕೆ ಕೊರತೆ ಬಾರದು ಅನ್ನುವ ನಂಬಿಕೆ. ನಮ್ಮ ಹತ್ತಿರ ಇದ್ದದ್ದು ರಾಗಿ ಹಿಟ್ಟಿನ ಡಬ್ಬ, ಅದರಲ್ಲೇ ಇಟ್ಟೆವು. ಮಧ್ಯಾಹ್ನ ಅದೇ ಹಿಟ್ಟಿನಲ್ಲಿ ಮುದ್ದೆ, ಸಾರ್ಡೀನ್ ಹಾಕಿ ಹುಣಸೆ ಹುಳಿ, ಊರಿನ ಖಾರದ ಪುಡಿಯ ಸಾರು. ಮುದ್ದೆ ಕಟ್ಟಿದ್ದು ಮದ್ದೂರಿನವಳು. ಆ ವಿಷಯದಲ್ಲಿ ಮಂಡ್ಯದವರ ಮುಂದೆ ನಾವು ಮೈಸೂರಿನವರು ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯದು.

ಉಣ್ಣುತ್ತಿರುವಾಗಲೇ ಅಮ್ಮನ ವಿಡಿಯೋ ಕಾಲ್ ಬಂತು. ಅಲ್ಲಿ ಆಗಲೇ ಸಂಜೆ, ಡೋರ್ನಹಳ್ಳಿಯಲ್ಲಿ ತೇರು ಹೊರಟಿತ್ತು. ನೆಟ್‌ವರ್ಕ್ ಸರಿಯಿಲ್ಲದೆ ತೇರಿಗಿಂತ ಯಾರದೋ ಕೊಡೆಯೇ ಜಾಸ್ತಿ ಕಾಣಿಸಿತು.

"ಏನ್ ಕೇಳ್ಕೊಂಡೆ?" ಅಂದರು ಅಮ್ಮ.

"ಏನೂ ಕೇಳ್ಲಿಲ್ಲಮ್ಮ. ಎಲ್ಲರಿಗೂ ಒಳ್ಳೇದು ಮಾಡಪ್ಪ, ಇಷ್ಟು ಕೊಟ್ಟಿದ್ದೀಯಲ್ಲ ಅಂದೆ."

"ಅಷ್ಟು ದೂರ ಹೋಗಿ ಏನೂ ಕೇಳ್ಲಿಲ್ವಾ? ಹೋಗ್ಲಿ ಬಿಡು, ನಿನ್ನದೂ ಸೇರಿಸಿ ಇಲ್ಲಿ ನಾನೇ ಕೇಳಿದ್ದೀನಿ. ಪರೀಕ್ಷೆ, ಕೆಲಸ, ಆಮೇಲೆ ಆ ಇನ್ನೊಂದು ವಿಷಯಾನೂ."

ಪಕ್ಕದಲ್ಲಿ ಮದ್ದೂರಿನವಳು ಮುದ್ದೆ ನೆತ್ತಿಗೆ ಹತ್ತುವಷ್ಟು ನಕ್ಕಳು.