ವಾರೆ ಹಿಡಿದ ಟ್ರಂಪೆಟ್

ಮೆಕ್ಸಿಕೋ ಸಿಟಿಯಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಆಫೀಸಿನ ಗೆಳೆಯ ತನ್ನ ಊರಿಗೆ ಕರೆದ. ನಗರದ ಅಂಚಿನ ಮಿಸ್ಕಿಕ್. ಅಂದು ನವೆಂಬರ್ 2, ಸತ್ತವರ ಹಬ್ಬ. ಸತ್ತ ಮಕ್ಕಳು 1ಕ್ಕೆ, ದೊಡ್ಡವರು 2ಕ್ಕೆ ಮನೆಗೆ ಬರುತ್ತಾರೆ ಅಂತ ಅಲ್ಲಿನವರ ನಂಬಿಕೆ.

ಹೊಸ್ತಿಲಿನಿಂದ ಒಳಗಿನವರೆಗೂ ಚೆಂಡುಹೂವಿನ ಎಸಳಿನ ದಾರಿ. ಬರುವವರಿಗೆ ಗುರುತು ಸಿಗಲಿ ಅಂತ. 'ನಮ್ಮೂರ ಹೂವು' ಅಂದೆ. ಗೆಳೆಯ ನಕ್ಕ. ಚೆಂಡುಹೂವಿನ ತವರು ಮೆಕ್ಸಿಕೋ ಅಂತೆ. ದಸರಾಕ್ಕೆ ಮಾರುಗಟ್ಟಲೆ ಕೊಳ್ಳುವ ನನಗೆ ಅದು ಗೊತ್ತೇ ಇರಲಿಲ್ಲ! ದಾರಿಯ ಕೊನೆಯಲ್ಲಿ ಎಡೆ: ಬ್ರೆಡ್ಡು, ಉಪ್ಪು, ದೂರದಿಂದ ಬಾಯಾರಿ ಬರುತ್ತಾರೆಂದು ಒಂದು ಲೋಟ ನೀರು, ಫೋಟೋಗಳು. ಲೋಬಾನದಂಥ ಕೋಪಾಲ್ ಹೊಗೆ. ಮೆಕ್ಕೆಜೋಳದ ಹಿಟ್ಟಿನ ಕಡುಬಿನಂಥ ತಮಾಲೆ ಕೊಟ್ಟರು. ಅದರಲ್ಲಿ ಹಂದಿ ಕೊಬ್ಬು ಇರುತ್ತದೆ ಅಂತ ಗೊತ್ತಿದ್ದರಿಂದ ಸುಮ್ನೆ ಬ್ರೆಡ್ಡಿಗೇ ಕೈ ಹಾಕಿದೆ.

ಫೋಟೋಗಳಲ್ಲಿ ಗುದ್ದಲಿ ಹಿಡಿದ ಒಬ್ಬ ಮುದುಕ. ಗೆಳೆಯನ ತಾಯಿಯ ಅಪ್ಪ. ಕೆರೆಮಣ್ಣು ಎತ್ತಿ ಹಾಕಿ ಮಾಡಿದ ಚಿನಾಂಪಾ ಮಡಿಗಳಲ್ಲಿ ತರಕಾರಿ ಬೆಳೆಯುತ್ತಿದ್ದನಂತೆ.

ಕತ್ತಲಾದ ಮೇಲೆ ಚರ್ಚಿನ ಪಕ್ಕದ ಸ್ಮಶಾನಕ್ಕೆ ಹೋದೆವು. ಎಲ್ಲ ಸಮಾಧಿಗಳ ಮೇಲೂ ಮೇಣದಬತ್ತಿ. ಅಳು ಕಡಿಮೆ, ಮಾತು ಜಾಸ್ತಿ. ದುಡ್ಡು ಕೊಟ್ಟರೆ ವಾದ್ಯದವರು ಸಮಾಧಿಯ ಮುಂದೆ ನಿಂತು ನುಡಿಸುತ್ತಾರೆ. ಗೆಳೆಯನ ಅಕ್ಕನ ಮಗ, ಹದಿನಾರರ ಹುಡುಗ, ತನ್ನ ಟ್ರಂಪೆಟ್ ತಂದಿದ್ದ. ಆ ಮನೆಯಲ್ಲಿ ವಾದ್ಯ ಮುಟ್ಟಿದವನು ಅವನೊಬ್ಬನೇ. 'ಇದು ಎಲ್ಲಿಂದ ಅಂಟಿಕೊಂಡಿತೋ' ಅಂತ ಎಲ್ಲರೂ ರೇಗಿಸೋರು. ಫೋಟೋದಲ್ಲಿದ್ದ ಆ ತಾತನ ಸಮಾಧಿಯ ಮುಂದೆ ವಾದ್ಯದವರ ಜೊತೆ ಸೇರಿ ಅವನೂ ಊದಿದ.

ಹಾಡು ಮುಗಿದ ಮೇಲೆ ವಾದ್ಯದವರಲ್ಲಿ ಎಲ್ಲರಿಗಿಂತ ಹಿರಿಯ ಹತ್ತಿರ ಬಂದು ಅವನ ಬಾಯನ್ನೇ ನೋಡಿದ. ಹುಡುಗ ಟ್ರಂಪೆಟ್ಟನ್ನು ನಡುವೆ ಇಡದೆ ತುಟಿಯ ಎಡಗಡೆಗೆ ಇಡುತ್ತಾನೆ. ಅದಕ್ಕೇ ಮೇಷ್ಟ್ರ ಹತ್ತಿರ ದಿನಾ ಬೈಗುಳ. ಆ ಹಿರಿಯ ವಾದ್ಯದವನು ಸಮಾಧಿಯ ಕಡೆ ಕೈ ಮಾಡಿದ: 'ಇವನೂ ಹೀಗೇ ವಾರೆ ಹಿಡಿತಿದ್ದ. ನನಗೆ ಊದೋದು ಕಲಿಸಿದ್ದೇ ಇವನು.'

ಎಲ್ಲರೂ ಹುಡುಗನ ಅಜ್ಜಿಯ, ಅಂದರೆ ಗೆಳೆಯನ ತಾಯಿಯ, ಮುಖ ನೋಡಿದರು. ನನ್ನ ಸ್ಪ್ಯಾನಿಷ್ ಅರ್ಧಂಬರ್ಧ, ಗೆಳೆಯ ಪಿಸುಗುಟ್ಟುತ್ತಾ ಹೇಳುತ್ತಿದ್ದ. 'ನನ್ನ ಮದುವೆಗೆ ಅಂತ ಅಪ್ಪ ಟ್ರಂಪೆಟ್ ಮಾರಿಬಿಟ್ಟ,' ಅಂದಳು ಅಜ್ಜಿ. 'ಆಮೇಲೆ ಮನೆಯಲ್ಲಿ ಆ ಮಾತೇ ಬರಲಿಲ್ಲ. ನೀವೂ ಕೇಳಲಿಲ್ಲ.'

ಹಲ್ಲಿನ ಸಾಲು ಸರಿ ಇಲ್ಲ ಅಂತಲೂ ಹಾಗೆ ವಾರೆ ಹಿಡಿಯೋರಿದ್ದಾರೆ. ವಂಶದಿಂದಲೇ ಬಂತು ಅಂತ ನಾನೇನೂ ಹೇಳಲಾರೆ. ಆದರೆ ನನ್ನ ತಲೆಯಲ್ಲಿ ಬೇರೇನೋ ಓಡುತ್ತಿತ್ತು. ಮಹಾಲಯ ಅಮಾವಾಸ್ಯೆಗೆ ತರ್ಪಣ ಬಿಡುವಾಗ ಮೂರು ತಲೆಮಾರಿನ ಹೆಸರು ಹೇಳುತ್ತೇನೆ, ಬಾಯಿಪಾಠ. ಆ ಮೂರನೆಯವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಹಾಡುತ್ತಿದ್ದರಾ?

ವಾದ್ಯದವರು ಇನ್ನೊಂದು ಹಾಡು ಶುರು ಮಾಡಿದರು, ದುಡ್ಡು ಕೇಳದೆ. ಹುಡುಗ ಟ್ರಂಪೆಟ್ ಎತ್ತಿದ. ಮೇಷ್ಟ್ರ ಬೈಗುಳ ನೆನಪಾಗಿ ಮೊದಲು ನಡುವೆ ತಂದ. ಆಮೇಲೆ ಎಡಕ್ಕೆ ಸರಿಸಿಕೊಂಡ.