ಮಸೂದೆಗೂ ಮುಂಚೆ ಆಗಬೇಕಾದ ಕೆಲಸ

ಸಂಸದರಿಗೆ ಮಸೂದೆಗಳ ಮೇಲೆ ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸ. ಸಲಿಂಗಿಗಳ ಹಕ್ಕಿನ ವಿಷಯ ಬಂದಾಗ ಹೊಸದಾಗಿ ಸೇರಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಚೆನ್ನಾಗಿ ಬರೆದ ಮಸೂದೆ ಮಂಡಿಸಿಬಿಟ್ಟರೆ ಆಯ್ತಲ್ವಾ? ನಾನು ಅವರಿಗೆ 2015ರ ಡಿಸೆಂಬರ್ 18ರ ಲೋಕಸಭೆಯ ಕಲಾಪ ಓದಲು ಕೊಡುತ್ತೇನೆ.

ಅವತ್ತು ಶುಕ್ರವಾರ. ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸಂಸದರ, ಮಸೂದೆಗಳಿಗೆ ಸಿಗುವುದೇ ಶುಕ್ರವಾರದ ಕೊನೆಯ ಎರಡೂವರೆ ಗಂಟೆ, ಅಷ್ಟು ಹೊತ್ತಿಗೆ ಎಷ್ಟೋ ಸಂಸದರು ಕ್ಷೇತ್ರಕ್ಕೆ ಹೊರಟಿರುತ್ತಾರೆ. ಸಂಸದ ಶಶಿ ತರೂರ್, ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ತಿದ್ದುವ ಮಸೂದೆ ಮಂಡಿಸಲು ಎದ್ದರು. ಮಂಡನೆಗೆ ಸಾಮಾನ್ಯವಾಗಿ ಯಾರೂ ಅಡ್ಡಿ ಮಾಡುವುದಿಲ್ಲ, ಚರ್ಚೆಯಲ್ಲಿ ನೋಡಿಕೊಂಡರಾಯಿತು ಅಂತ ಬಿಟ್ಟುಬಿಡುತ್ತಾರೆ. ಅವತ್ತು ಬಿಡಲಿಲ್ಲ. ಮತಕ್ಕೆ ಹಾಕಿದರು. ಪರ 24, ವಿರುದ್ಧ 71. ಮರುವರ್ಷ ಮಾರ್ಚ್‌ನಲ್ಲಿ ಮತ್ತೆ ತಂದರು, ಆಗ ಪರ 14, ವಿರುದ್ಧ 58.

ತರೂರ್ ಎದ್ದು ನಿಂತದ್ದು ಸರಿಯೇ. ಆದರೆ ನನ್ನಂಥವರು ನೋಡಬೇಕಾದದ್ದು ಬೇರೆ. 543 ಚುನಾಯಿತ ಸ್ಥಾನಗಳ ಸಭೆಯಲ್ಲಿ ಅವತ್ತು ಮತ ಹಾಕಿದವರು ನೂರು ಜನವೂ ಇಲ್ಲ. ವಿರೋಧಿಸಿದವರಿಗಿಂತ ಅಲ್ಲಿ ಇಲ್ಲದವರೇ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ, ಕೋಣೆಯ ಬಾಗಿಲು ಹಾಕಿಕೊಂಡು "ನಾನು ನಿಮ್ಮ ಪರ ಕಣ್ರೀ" ಅನ್ನುವವರನ್ನು ನಾನು ಲೆಕ್ಕಕ್ಕೆ ಸೇರಿಸುವುದಿಲ್ಲ. ಶುಕ್ರವಾರ ಮಧ್ಯಾಹ್ನ ಇರ್ತೀರಾ, ಮತಕ್ಕೆ ಬಂದರೆ ಗುಂಡಿ ಒತ್ತುತ್ತೀರಾ, ನಿಮ್ಮ ಪಕ್ಷ ಬೇಡ ಅಂದರೆ ಏನು ಮಾಡ್ತೀರಾ ಅಂತ ಕೇಳಿ, ಬಂದ ಉತ್ತರವನ್ನು ಬರೆದಿಡುತ್ತೇನೆ. ಬೇಸರದ ಕೆಲಸ ಇದು, ಹೆಸರೂ ಬರುವುದಿಲ್ಲ, ಆದರೆ ಇದಾಗದೆ ಮುಂದಿನದ್ದು ಯಾವುದೂ ಆಗುವುದಿಲ್ಲ.

ಇನ್ನೊಂದು ದಾರಿಯೂ ಇದೆ, ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ನೋಡಿ. ಚಿಕಿತ್ಸೆ ಕೊಡುವಾಗ ಜಾತಿ, ಧರ್ಮ, ಲಿಂಗದ ಜೊತೆಗೆ ಲೈಂಗಿಕ ಒಲವಿನ ಆಧಾರದಲ್ಲೂ ಭೇದ ಮಾಡುವಂತಿಲ್ಲ ಅಂತಿದೆ. 377ರ ಮಸೂದೆಗೆ ಬಾಗಿಲನ್ನೇ ತೆರೆಯದ ಅದೇ ಲೋಕಸಭೆ ಈ ಮಾತಿಗೆ ಒಪ್ಪಿಗೆ ಕೊಟ್ಟಿತು. ಯಾಕೆಂದರೆ ಅಲ್ಲಿ ಪ್ರಶ್ನೆ ಇದ್ದದ್ದು ರೋಗಿಯ ಹಕ್ಕಿನದ್ದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದಾಗ ನ್ಯಾಯಮೂರ್ತಿ ನಾರಿಮನ್ ಇದೇ ಕಾಯ್ದೆಯನ್ನು ಎತ್ತಿ ಹೇಳಿದರು.

ಇದಕ್ಕೆಲ್ಲ ತಾಳ್ಮೆ ಬೇಕು, ಆದರೆ ತಾಳ್ಮೆ ಅಂದರೆ ಸುಮ್ನೆ ಕೂರುವುದು ಅಂತ ಯಾರೂ ತಿಳಿಯಬಾರದು. ಸಂಗಾತಿ ಐಸಿಯುನಲ್ಲಿದ್ದಾಗ "ನೀವು ಅವರಿಗೆ ಏನಾಗಬೇಕು?" ಅಂತ ಕೇಳಿಸಿಕೊಂಡವರಿಗೆ ಹೋಗಿ ಸ್ವಲ್ಪ ಕಾಯಿರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ತಾಳ್ಮೆ ಬೇಕಿರುವುದು ನಮಗೆ, ಒಬ್ಬೊಬ್ಬ ಸಂಸದರ ಆಪ್ತ ಸಹಾಯಕರಿಗೂ ಅದೇ ವಿಷಯವನ್ನು ಮತ್ತೆ ಮತ್ತೆ ವಿವರಿಸುವಾಗ.

2023ರ ಅಕ್ಟೋಬರ್‌ನಲ್ಲಿ ಸಲಿಂಗಿಗಳ ಮದುವೆಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ಸಂಸತ್ತಿಗೇ ಬಿಟ್ಟಿತು. ಮದುವೆಯ ಮಸೂದೆಗೆ ಈಗಲೇ ತಲೆ ಎಣಿಸಿದರೆ ಲೆಕ್ಕ ಸಾಲುವುದಿಲ್ಲ. ಆದರೆ ಎಲ್ಲದಕ್ಕೂ ಮತ ಬೇಕಿಲ್ಲ. 2024ರ ಆಗಸ್ಟ್‌ನಲ್ಲಿ, ಸಲಿಂಗಿ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಹಣಕಾಸು ಸಚಿವಾಲಯ ಒಂದು ಪತ್ರದಲ್ಲೇ ಸ್ಪಷ್ಟಪಡಿಸಿತು. ಹಾಗೆ ಪತ್ರದಲ್ಲೋ ನಿಯಮದಲ್ಲೋ ಮುಗಿಯುವ ಕೆಲಸ ಇನ್ನೇನಿದೆ, ಕಾಯ್ದೆಯನ್ನೇ ತಿದ್ದಬೇಕಾದದ್ದು ಯಾವುದು ಅಂತ ಬೇರೆ ಮಾಡುವ ಟಿಪ್ಪಣಿ ಈಗ ನನ್ನ ಮೇಜಿನ ಮೇಲಿದೆ. ಆಸ್ಪತ್ರೆಯ ಒಪ್ಪಿಗೆ ಪತ್ರದಿಂದಲೇ ಶುರುಮಾಡಿದ್ದೇನೆ.