ಛೋಟಾ ಹಾಥಿಯೊಳಗಿನ ಸೌಂಡ್ ಕಿಟ್: ಮಳೆಗಾಲದ ಕೆಲಸ ಎಲ್ಲಿಗೆ ಬಂತು

ಆಷಾಢ ಹೊಕ್ಕರೆ ಹುಬ್ಬಳ್ಳಿ-ಧಾರವಾಡದ ಕಡೆ ಬಯಲಿನ ಕಾರ್ಯಕ್ರಮ ಕಡಿಮೆ. ಸೌಂಡ್‌ನವರ ಗಾಡಿ ಶೆಡ್ಡಿನಲ್ಲಿ ನಿಲ್ಲುತ್ತದೆ, ಕೆಟ್ಟದ್ದನ್ನು ಬಿಚ್ಚಿ ನೋಡಲು ಪುರಸೊತ್ತು ಸಿಗುತ್ತದೆ. ಈ ಮಳೆಗಾಲಕ್ಕೆ ಹಿಡಿದ ಕೆಲಸ ಒಂದೇ: ಕುಂದಗೋಳದ ನಾಡಗೀರ ವಾಡೆಯಂಥ ಜಾಗದ ಬೈಠಕ್ಕಿಗೂ (ಕೂತು ಹಾಡುವ ಶಾಸ್ತ್ರೀಯ ಸಂಗೀತ ಕಛೇರಿ) ಹಾವೇರಿ ಕಡೆಯ ಜಾತ್ರೆ ಆರ್ಕೆಸ್ಟ್ರಾಕ್ಕೂ ಆಗುವ, ಒಂದೇ ಛೋಟಾ ಹಾಥಿಯಲ್ಲಿ (ಸಣ್ಣ ಸರಕು ಗಾಡಿ) ಹಿಡಿಸುವ ಕಿಟ್. ಮಿಕ್ಸರ್ (ಎಲ್ಲ ಮೈಕಿನ ದನಿ ಕೂಡಿಸುವ ಯಂತ್ರ), ಟಾಪ್ (ಮೇಲಿನ ದನಿಯ ಸ್ಪೀಕರ್), ಬೇಸ್ ಬಾಕ್ಸ್ ಎಲ್ಲಾ ಹಳೆಯವೇ. ಬದಲಾಗಿದ್ದು ಕರೆಂಟಿನ ಡಬ್ಬಿ, ಕೇಬಲ್ ಮತ್ತು ಮೈಕ್ ಇಡುವ ಕ್ರಮ. ರೊಕ್ಕವೂ ಅಲ್ಲಿಗೇ ಹೋಗಬೇಕು ಅನ್ನುವುದು ಇಲ್ಲಿಯ ಲೆಕ್ಕ.

ಕರೆಂಟಿನ ಡಬ್ಬಿ (ಮುಗಿದಿದೆ, ಒಮ್ಮೆ ಬಿಚ್ಚಿ ಮತ್ತೆ ಕಟ್ಟಿದ್ದು)

ಹಳ್ಳಿ ಸ್ಟೇಜಿನಲ್ಲಿ ಮಿಕ್ಸರ್ ಸುಟ್ಟರೆ ಮೊದಲ ಅನುಮಾನ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಮೇಲೆ ಇರಲಿ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಹೋದರೆ ಎರಡು ಫೇಸಿನ ಲೋಡುಗಳು 400 ವೋಲ್ಟಿನ ಮೇಲೆ ಒಂದರ ಹಿಂದೊಂದು ನಿಂತಂತಾಗುತ್ತದೆ. ಒಂದು ಫೇಸಿನಲ್ಲಿ ಹ್ಯಾಲೊಜೆನ್ ಲೈಟು, ಇನ್ನೊಂದರಲ್ಲಿ ಬರೀ ಮಿಕ್ಸರ್ ಇದ್ದರೆ ವೋಲ್ಟೇಜಿನ ಬಹುಪಾಲು ಬೀಳುವುದು ಹಗುರ ಲೋಡಿನ ಮೇಲೆ, ಅಂದರೆ ಮಿಕ್ಸರ್ ಮೇಲೆ. 400 ವೋಲ್ಟ್ ಎಸಿ ರೆಕ್ಟಿಫೈ ಆದಾಗ ಸುಮಾರು 565 ಡಿಸಿ. ಪವರ್ ಸಪ್ಲೈಯೊಳಗಿನ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 400 ಇಲ್ಲವೇ 450 ವೋಲ್ಟಿನದು. ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಕಾಯುವುದು ಕರೆಂಟನ್ನು, ವೋಲ್ಟೇಜನ್ನಲ್ಲ.

ಹಾಗಾಗಿ ಡಬ್ಬಿಯ ಒಳಗೆ ಹೀಗೆ: 32 ಆಂಪಿಯರ್ 5 ಪಿನ್ ಇಂಡಸ್ಟ್ರಿಯಲ್ ಪ್ಲಗ್, 4 ಪೋಲ್ ಐಸೊಲೇಟರ್ (ಮುಖ್ಯ ಸ್ವಿಚ್), ಪ್ರತಿ ಫೇಸಿಗೆ ಒಂದು ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್, ಪ್ರತಿ ಫೇಸಿಗೆ ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ 2 ಪೋಲ್ ಆರ್‌ಸಿಸಿಬಿ, ಆಮೇಲೆ 16 ಆಂಪಿಯರಿನ 6 ಎಂಸಿಬಿ. ಎಂಸಿಬಿ ಸಿ ಕರ್ವಿನದೇ ಬೇಕು. ಬಿ ಕರ್ವ್ ಹಾಕಿದರೆ ಆಂಪ್ ಆನ್ ಮಾಡಿದ ಕ್ಷಣದ ಎಳೆತಕ್ಕೇ ಬೀಳುತ್ತದೆ. ಪ್ರೊಟೆಕ್ಟರ್ ಸೆಟ್ಟಿಂಗ್ ಮೇಲೆ 265 ವೋಲ್ಟ್, ಕೆಳಗೆ 175, ಮರಳಿ ಆನ್ ಆಗಲು 60 ಸೆಕೆಂಡ್. ಕೆಳಗಿನ ಮಿತಿ 190 ಇಟ್ಟುಕೊಂಡರೆ ಸಂಜೆ ಊರಿನ ದೀಪ ಹತ್ತುವ ಹೊತ್ತಿಗೆ ಪದೇಪದೇ ಆಫ್ ಆಗುತ್ತದೆ. 60 ಸೆಕೆಂಡ್ ಇಟ್ಟಿದ್ದು ಜನರೇಟರಿಗೆ ಬದಲಾಯಿಸಿದಾಗ ಅದು ಸ್ಥಿರವಾಗಲಿ ಅಂತ.

ಮೊದಲ ಕಟ್ಟುವಿಕೆಯಲ್ಲಿ ಮೂರೂ ಫೇಸಿಗೆ ಸೇರಿ ಒಂದೇ 4 ಪೋಲ್ ಆರ್‌ಸಿಸಿಬಿ ಇತ್ತು. ಅದು ತಪ್ಪು. ಕೀಬೋರ್ಡಿನವನ ಒಂದು ಅಡಾಪ್ಟರ್ ಸೋರಿದರೆ ಇಡೀ ಸ್ಟೇಜ್ ಬಂದ್. ಈಗ ಒಂದು ಫೇಸ್ ಮಿಕ್ಸರ್ ಮತ್ತು ಸ್ಟೇಜಿನ ವಾದ್ಯಕ್ಕೆ ಮಾತ್ರ, ಎರಡನೆಯದು ಟಾಪ್ ಮತ್ತು ಮಾನಿಟರ್ (ಹಾಡುವವರಿಗೆ ಕೇಳಿಸುವ ಸ್ಪೀಕರ್) ಆಂಪಿಗೆ, ಮೂರನೆಯದು ಬೇಸಿಗೆ. ಲೈಟಿನವರಿಗೆ ಈ ಡಬ್ಬಿಯಲ್ಲಿ ಜಾಗವಿಲ್ಲ, ಅವರು ಎಷ್ಟೇ ದೋಸ್ತರಿದ್ದರೂ.

ಅರ್ಥಿಂಗಿಗೆ 1.2 ಮೀಟರಿನ ತಾಮ್ರ ಲೇಪದ ರಾಡ್. ಗದಗ-ನವಲಗುಂದದ ಎರೆ ಮಣ್ಣು ಹಸಿ ಇದ್ದಾಗ ಚೊಲೊ ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರಿದಾಗ ರಾಡಿನ ಸುತ್ತ ಗಾಳಿಯೇ ಉಳಿಯುತ್ತದೆ. ಎರಡು ಕೊಡ ನೀರು ಹಾಕಿ ಅರ್ಧ ತಾಸು ಬಿಡಬೇಕು. ರಾಡ್ ಕೆಲವು ನೂರು ಓಮ್ ತೋರಿಸಿದರೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೆಲಸ ಮಾಡುತ್ತದೆ (50 ವೋಲ್ಟನ್ನು 0.03ರಿಂದ ಭಾಗಿಸಿದರೆ 1,666 ಓಮ್). ಆರ್‌ಸಿಸಿಬಿ ಇಲ್ಲದ ಹಳೆಯ ಡಬ್ಬಿಯಲ್ಲಿ ಅದೇ ರಾಡ್ ಬರೀ ಸಮಾಧಾನಕ್ಕೆ.

ಪ್ಲಗ್ ಹಾಕುವ ಮೊದಲು ಮೀಟರ್ ಹಿಡಿದು ನೋಡುವುದು: ಫೇಸ್-ನ್ಯೂಟ್ರಲ್ ಮೂರೂ ಕಡೆ 230ರ ಆಸುಪಾಸು, ಫೇಸ್-ಫೇಸ್ 400, ನ್ಯೂಟ್ರಲ್-ಅರ್ಥ್ 2-3 ವೋಲ್ಟಿನೊಳಗೆ. ಖಾಲಿ ಲೈನಿನಲ್ಲಿ ಕೆಟ್ಟ ನ್ಯೂಟ್ರಲ್ಲೂ ಸರಿಯಾಗಿಯೇ ತೋರಿಸುತ್ತದೆ, ಮೋಸ ಹೋಗುವುದು ಇಲ್ಲಿಯೇ. ಒಂದು ಫೇಸಿಗೆ 1000 ವಾಟಿನ ಹ್ಯಾಲೊಜೆನ್ ಹಚ್ಚಿ ಉಳಿದೆರಡನ್ನು ನೋಡಬೇಕು. ಹಚ್ಚಿದ ಫೇಸ್ ಇಳಿದು ಉಳಿದವು ಏರಿದರೆ ನ್ಯೂಟ್ರಲ್ ಸಡಿಲಿದೆ. ಲೈನ್‌ಮನ್ ಬಂದು ಬಿಗಿ ಮಾಡುವ ತನಕ ಮಿಕ್ಸರ್ ಪೆಟ್ಟಿಗೆಯಲ್ಲೇ ಇರಲಿ.

ಮೇನ್ ಕೇಬಲ್ 2.5 ಚದರ ಮಿ.ಮೀ. ಇದ್ದದ್ದನ್ನು 6ಕ್ಕೆ ಬದಲಾಯಿಸಲಾಗಿದೆ. ಒಂದು ಫೇಸಿನಿಂದ 16 ಆಂಪಿಯರ್ ಎಳೆದಾಗ, ಹೋಗಿಬರುವ ದಾರಿ ಸೇರಿ, 40 ಮೀಟರಿಗೆ 2.5ರ ತಾಮ್ರದಲ್ಲಿ ಸುಮಾರು 10 ವೋಲ್ಟ್ ಕಳೆಯುತ್ತದೆ, 6ರಲ್ಲಿ ಸುಮಾರು 4. ಟ್ರಾನ್ಸ್‌ಫಾರ್ಮರ್ ದೂರ ಇದ್ದು ಕಂಬದಲ್ಲೇ 195 ಇದ್ದಾಗ ಈ 6 ವೋಲ್ಟ್ ಸಣ್ಣದಲ್ಲ.

ಸ್ಟೇಜಿನಿಂದ ಮಿಕ್ಸರಿಗೆ

ಎಲ್ಲ ಮೈಕಿನ ತಂತಿ ಕೂಡಿದ ಹಳೆಯ ದಪ್ಪ ಮಲ್ಟಿಕೋರ್ ಹೋಗಿ 50 ಮೀಟರ್ ಶೀಲ್ಡೆಡ್ ಕ್ಯಾಟ್ 5ಇ (ಲೋಹದ ಹೊದಿಕೆಯ ನೆಟ್‌ವರ್ಕ್ ಕೇಬಲ್) ಬಂದಿದೆ. ಎರಡೂ ತುದಿಗೆ ಲೋಹದ ಕನೆಕ್ಟರ್ ಈಥರ್‌ಕಾನ್, ಶೀಲ್ಡ್ ಅದರ ಕವಚಕ್ಕೆ ಮುಟ್ಟಿರಲೇಬೇಕು. ಪ್ಲಾಸ್ಟಿಕ್ ಕನೆಕ್ಟರ್ ಹಾಕಿದರೆ ಒಣ ಹವೆಯಲ್ಲಿ ಯಾರಾದರೂ ಮೈಕುಗಳನ್ನು ಚುಚ್ಚುವ ಸ್ಟೇಜ್‌ಬಾಕ್ಸ್ ಮುಟ್ಟಿದಾಗಿನ ಚಟ್ ಅನ್ನುವ ಸ್ಟ್ಯಾಟಿಕ್‌ಗೇ ಲಿಂಕ್ ಕಡಿದು ಎಲ್ಲ ಮೈಕೂ ಒಂದು ಕ್ಷಣ ಸಾಯುತ್ತವೆ. ತಂತಿ ಕೊಳ್ಳುವಾಗ ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, ನಾಲ್ಕು ಸಲ ಸುತ್ತಿ ಬಿಚ್ಚುವುದರೊಳಗೆ ಒಳಗೇ ಮುರಿಯುತ್ತದೆ. ಜಾತ್ರೆಯಲ್ಲಿ ನೆಲದ ಮೇಲೆ ಬಿಟ್ಟರೆ ಟ್ರ್ಯಾಕ್ಟರಿನ ಗಾಲಿ ಗ್ಯಾರಂಟಿ. ಬಿದಿರಿಗೆ ಕಟ್ಟಿ ಮೇಲಿಂದ ತರುವುದು. ಲೈಟಿನ ಕೇಬಲ್ಲಿಗೆ ಸಮಾನಾಂತರ ಬೇಡ, ಅಡ್ಡ ದಾಟಿಸಿ.

ಆರ್ಕೆಸ್ಟ್ರಾದ ಲ್ಯಾಪ್‌ಟಾಪ್‌ನಿಂದ ಗುಂಯ್ ಬಂದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯಕ್ಕೂ ಮಿಕ್ಸರಿಗೂ ನಡುವಿನ ಡಬ್ಬಿ) ಹಾಕುವುದು. ಪ್ಲಗ್ಗಿನ ಮೂರನೇ ಪಿನ್ ಕತ್ತರಿಸುವ ಚಟ ಈ ಕಡೆ ಇನ್ನೂ ಹೋಗಿಲ್ಲ. ಗುಂಯ್ ನಿಲ್ಲುತ್ತದೆ, ನಿಜ; ಆಮೇಲೆ ಶಾಕ್ ಬರುವುದು ಮೈಕಿಗೆ ತುಟಿ ಹಚ್ಚಿದವನಿಗೆ.

ಬೈಠಕ್ಕಿನ ಸೆಟ್ಟಿಂಗ್ (ನಡೆದಿದೆ)

ಇದಕ್ಕೇ ಹೆಚ್ಚು ದಿನ ಹೋಗಿದೆ. ರೂಢಿಯಂತೆ ಗಾಯನದ ಮೈಕಿಗೆ 120 ಹರ್ಟ್ಸ್ ಲೋ ಕಟ್ (ಅದಕ್ಕಿಂತ ಕೆಳಗಿನ ದನಿ ಕತ್ತರಿಸುವುದು) ಹಾಕುವುದು ಸಿನಿಮಾ ಹಾಡಿಗೆ ನಡೆಯುತ್ತದೆ, ಖಯಾಲ್ ಗಾಯನಕ್ಕೆ ನಡೆಯುವುದಿಲ್ಲ. ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕರಿ ಮನೆಯನ್ನು ಷಡ್ಜ ಮಾಡಿಕೊಂಡು) ಹಾಡುವ ಗಂಡು ದನಿಯ ಷಡ್ಜ 138.6 ಹರ್ಟ್ಸ್, ಮಂದ್ರ ಪಂಚಮ 103.8, ಖರ್ಜದ (ಕೆಳಗಿನ ಸಪ್ತಕದ) ಷಡ್ಜ 69.3. 120ಕ್ಕೆ ಕತ್ತರಿಸಿದರೆ ನಿಧಾನದ ಆಲಾಪದ ತಳವೇ ಸೊರಗುತ್ತದೆ. ಅವರಿಗೆ ಲೋ ಕಟ್ 70. ಕಾಳಿ ನಾಲ್ಕರ ಹೆಣ್ಣು ದನಿಗೆ ಮಂದ್ರ ಪಂಚಮ 155.6, ಹಾಗಾಗಿ 110ರ ತನಕ ತೊಂದರೆಯಿಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಒಬ್ಬರ ಹಿಂದೊಬ್ಬರು ಹಾಡಲು ಕೂಡುವಾಗ ಪಟ್ಟಿ (ಷಡ್ಜ ಹಿಡಿಯುವ ಮನೆ) ಬದಲಾಗುತ್ತಲೇ ಇರುತ್ತದೆ. ಅದಕ್ಕೇ ಕಾಳಿ ಒಂದು, ಎರಡು, ನಾಲ್ಕು, ಐದು ಮತ್ತು ಸಫೇದ್ (ಬಿಳಿ ಮನೆ) ನಾಲ್ಕು, ಐದಕ್ಕೂ ಬೇರೆಬೇರೆ ಸೀನ್ (ಮಿಕ್ಸರಿನಲ್ಲಿ ಉಳಿಸಿದ ಸೆಟ್ಟಿಂಗ್) ಮಾಡಿ ಇಡಲಾಗಿದೆ.

ಮಾನಿಟರ್ ಕೂಗುವುದನ್ನು ಪರೀಕ್ಷಿಸುವಾಗ ತಂಬೂರಿ ಬಂದ್ ಇರಬೇಕು. ತಂಬೂರಿ ನುಡಿಯುತ್ತಿದ್ದರೆ ಷಡ್ಜದ ಹಾರ್ಮೋನಿಕ್ (ಅದರ ಎರಡು, ಮೂರು ಪಟ್ಟಿನ ಮೇಲ್ದನಿ) ಮೇಲೆ ಹುಟ್ಟುವ ಕೂಗು ಅದರ ಝೇಂಕಾರದೊಳಗೇ ಅಡಗುತ್ತದೆ, ಕಿವಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಕೂಗುವ ಜಾಗ ಸಿಕ್ಕ ಮೇಲೆ ದನಿ ತಿದ್ದುವ 31 ಜಾರುಗುಂಡಿಯ ಗ್ರಾಫಿಕ್‌ನಲ್ಲಿ 400 ಎಳೆದರೆ ಕಾಳಿ ಒಂದರ ಮೂರನೇ ಹಾರ್ಮೋನಿಕ್ 416 ಕೂಡ ಜೊತೆಗೇ ಹೋಗಿ ತಂಬೂರಿ ಬಣ್ಣ ಕಳೆದುಕೊಳ್ಳುತ್ತದೆ. ಪ್ಯಾರಾಮೆಟ್ರಿಕ್‌ನಲ್ಲಿ ಕ್ಯೂ (ಕಡಿತ ಎಷ್ಟು ಕಿರಿದು ಅನ್ನುವ ಅಂಕಿ) 8ರಿಂದ 10, 4-5 ಡೆಸಿಬೆಲ್ ಇಳಿಸುವುದು, ಅಷ್ಟೇ. ಅದಕ್ಕೂ ಮೊದಲು ಮಾನಿಟರ್ ಇಟ್ಟ ಜಾಗ ನೋಡಿ: ಕಾರ್ಡಿಯಾಯ್ಡ್ ಮೈಕಿಗೆ ನೇರ ಬೆನ್ನ ಹಿಂದೆ ಕಿವುಡು, ಸೂಪರ್ ಕಾರ್ಡಿಯಾಯ್ಡಿಗೆ ಸುಮಾರು 126 ಡಿಗ್ರಿಯಲ್ಲಿ. ಮೈಕ್ ಬದಲಾಯಿಸಿ ಮಾನಿಟರ್ ಅಲ್ಲೇ ಬಿಟ್ಟರೆ ಈಕ್ಯೂ ಎಷ್ಟು ತಿರುವಿದರೂ ವ್ಯರ್ಥ.

ತಬಲಾಕ್ಕೆ ಎರಡು ಮೈಕ್. ದಾಯಾಕ್ಕೆ (ಬಲಗೈಯದು) ಒಂದು ಗೇಣಿಗಿಂತ ಕಡಿಮೆ ಎತ್ತರ, ಅಂಚಿನ ಕಡೆ ಓರೆಯಾಗಿ. ಡಗ್ಗಾಕ್ಕೆ (ಎಡಗೈಯದು) ಹೊರ ಮಗ್ಗುಲಿನಿಂದ, ಕೈ ಜಾರುವ ದಾರಿ ಬಿಟ್ಟು. ಒಂದು ಕೇಬಲಿನಲ್ಲಿ 2 ಮತ್ತು 3ನೇ ಪಿನ್ ಅದಲುಬದಲಾಗಿದ್ದರೆ ಎರಡೂ ಮೈಕ್ ತೆರೆದಾಗ ಡಗ್ಗಾದ ಗುಮ್ಮು ಮಾಯ. ತಬಲಾದವರು "ಸರ, ಡಗ್ಗಾ ಒಂಚೂರು ಏರಸ್ರಿ" ಅಂದ ಕೂಡಲೇ ಫೇಡರ್ ಏರಿಸುವುದಲ್ಲ, ಮೊದಲು ಪೋಲಾರಿಟಿ ಬಟನ್ ಒತ್ತಿ ನೋಡುವುದು. ಪೇಟಿಗೆ (ಹಾರ್ಮೋನಿಯಂ) ಮೈಕ್ ರೀಡುಗಳ ಮೇಲಿಂದ 20 ಸೆಂ.ಮೀ.; ಬಾತೆಯ (ಗಾಳಿ ತಿದಿ) ಕಡೆ ಇಟ್ಟರೆ ಗಾಳಿಯ ಉಸಿರೇ ಹೆಚ್ಚು. ಹಲಗೆ ಸ್ಟೇಜಿನ ಮೇಲೆ ನವಲಗುಂದದ ಜಮಖಾನ ಹಾಸಿದ್ದರೂ ಕಾಲಿನ ಸಪ್ಪಳ ಸ್ಟ್ಯಾಂಡಿಗೆ ಏರುತ್ತದೆ. ಸ್ಟ್ಯಾಂಡಿನ ಅಡಿಗೆ ಮಡಚಿದ ಕಂಬಳಿ ಇಡುವುದು ಈಗ ಕಿಟ್ಟಿನ ಭಾಗ.

ಜಾತ್ರೆ ಬಯಲು

ಹಿಂದಿನವರಿಗಾಗಿ 40 ಮೀಟರ್ ದೂರದ ಎರಡು ಬಾಕ್ಸಿಗೆ ಡಿಲೇ (ಸ್ಟೇಜಿನ ದನಿ ಅಲ್ಲಿಗೆ ತಲುಪುವಷ್ಟು ತಡ). ಮಧ್ಯಾಹ್ನ 38 ಡಿಗ್ರಿಯಲ್ಲಿ ಅಳೆದರೆ 113 ಮಿಲಿಸೆಕೆಂಡ್, ರಾತ್ರಿ 20 ಡಿಗ್ರಿಗೆ 116.5. ಅದರ ಮೇಲೆ 10 ಸೇರಿಸಿ 125ರ ಹತ್ತಿರ ಬಿಟ್ಟರೆ ದನಿ ಸ್ಟೇಜಿನಿಂದಲೇ ಬಂದಂತೆ ಅನಿಸುತ್ತದೆ, ಹವೆಯ ವ್ಯತ್ಯಾಸವೂ ಅದರೊಳಗೇ ಮುಚ್ಚುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಮೇಲೆದ್ದ ದನಿ ಬಾಗಿ ಮತ್ತೆ ಕೆಳಗೆ ಬರುತ್ತದೆ, ಪಕ್ಕದ ಊರಿಗೂ ಕೇಳುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಲೌಡ್‌ಸ್ಪೀಕರ್ ನಿಷಿದ್ಧ; ಸರಕಾರ ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸಡಿಲಿಸಬಹುದು. ಪರವಾನಗಿ ಪತ್ರದ ಪ್ರತಿ ಸಂಘಟಕರಿಂದ ತಗೊಂಡು ಮಿಕ್ಸರ್ ಪೆಟ್ಟಿಗೆಯಲ್ಲೇ ಇಡುವುದು.

ಲೋಡಿಂಗ್

ಆಂಪ್ ರ‍್ಯಾಕ್ ಕ್ಯಾಬಿನ್ನಿಗೆ ಒತ್ತಿ, ಬೇಸ್ ಬಾಕ್ಸ್ ಕೆಳಗೆ, ಕರೆಂಟಿನ ಡಬ್ಬಿ ಕೊನೆಗೆ, ಯಾಕೆಂದರೆ ಇಳಿಸುವಾಗ ಮೊದಲು ಬೇಕಾದದ್ದು ಅದೇ. ಒಳರಸ್ತೆಯ ಕುಲುಕಾಟಕ್ಕೆ ಎಂಸಿಬಿಯ ಸ್ಕ್ರೂ ಸಡಿಲಾಗುತ್ತವೆ. ಮೂರು ಕಾರ್ಯಕ್ರಮಕ್ಕೊಮ್ಮೆ ಪ್ಲಗ್ ತೆಗೆದು ಬಿಗಿ ಮಾಡುವುದು. ಆಂಪಿನ ಫ್ಯಾನಿನ ಸ್ಪಂಜು ತೊಳೆದು ಪೂರ್ತಿ ಒಣಗಿಸಿಯೇ ಹಾಕಬೇಕು. ಹಸಿ ಸ್ಪಂಜಿಗೆ ಎರೆ ಧೂಳು ಸೇರಿದರೆ ರಾಡಿಯಾಗಿ ಗಾಳಿಯೇ ಕಟ್ಟುತ್ತದೆ.

ಉಳಿದದ್ದು: ಡಿಲೇ ಬಾಕ್ಸಿನ ಸ್ಟ್ಯಾಂಡಿಗೆ ಗಾಳಿ ಹಗ್ಗ, ಹೊರಗಿನ ಮೈಕುಗಳಿಗೆ ದಪ್ಪ ಫೋಮ್, ಬಾಡಿಗೆ ಜನರೇಟರಿನ ಮೇಲೆ ಡಬ್ಬಿಯ ಪೂರ್ತಿ ಲೋಡಿನ ಪರೀಕ್ಷೆ. ಗಣಪತಿ ಹಬ್ಬದ ಬುಕಿಂಗ್ ಶುರುವಾಗುವ ಮೊದಲು ಮೂರನೆಯದು ಆಗಲೇಬೇಕು.